ಭಂಡಾರಿಯ ಮಾತಿನ ಲೆಕ್ಕ

(ದ್ವಿತೀಯ ಪಿ.ಯು.ಸಿ., ವಾಣಿಜ್ಯ ವಿಭಾಗ)

ಅಲಂಕಾರ ಎಂದರೆ ಒಡವೆ. ಹಾಕಿಕೊಂಡರೆ ಚೆಂದ, ತೆಗೆದಿಟ್ಟರೂ ನಷ್ಟವಿಲ್ಲ. ಹೈಸ್ಕೂಲಿನಲ್ಲಿ ಉಪಮೆ, ರೂಪಕ, ದೃಷ್ಟಾಂತ, ಉತ್ಪ್ರೇಕ್ಷೆ, ಶ್ಲೇಷೆ ಎಂದು ನಾವೆಲ್ಲ ಕಲಿತದ್ದು ಹೆಚ್ಚು ಕಡಿಮೆ ಹೀಗೆಯೇ. ಪರೀಕ್ಷೆಯಲ್ಲಿ ಒಂದು ಸಾಲು ಕೊಡುತ್ತಾರೆ. ಅಲಂಕಾರದ ಹೆಸರು ಬರೆದು, ಲಕ್ಷಣ ಹೇಳಿ, ಸಮನ್ವಯ ಮಾಡಿದರೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಆ ಸಾಲನ್ನು ಕೇಳಿದವರ ಮನಸ್ಸಿನಲ್ಲಿ ಏನಾಯಿತು ಎಂಬ ಪ್ರಶ್ನೆಯನ್ನು ನಾನು ಯಾವ ಪ್ರಶ್ನೆಪತ್ರಿಕೆಯಲ್ಲೂ ನೋಡಿಲ್ಲ.

ಆ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಒಬ್ಬರ ಜೀವನಕಥೆಯಲ್ಲಿ. ಅವರು ದೂರದವರಲ್ಲ, ನಮ್ಮ ಜಿಲ್ಲೆಯವರೇ. ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಸ್ ನಿಲ್ದಾಣಗಳಲ್ಲಿ ದಿನವೂ ಅವರ ಹೆಸರು ಹೊತ್ತ ಬೋರ್ಡು ನೋಡುತ್ತೇವೆ: ಬಸವನ ಬಾಗೇವಾಡಿ. ಅವರನ್ನು ಭಕ್ತಿ ಭಂಡಾರಿ ಬಸವಣ್ಣ ಎಂದು ಎಲ್ಲರೂ ಕರೆಯುತ್ತಾರೆ. ಭಂಡಾರಿ ಎಂದರೆ ಖಜಾನೆ ನೋಡಿಕೊಳ್ಳುವವನು. ಜಮಾ ಖರ್ಚು ಬರೆಯುವ ವಾಣಿಜ್ಯ ವಿಭಾಗದ ನಮಗೆ ಅವರು ಒಂದು ರೀತಿಯಲ್ಲಿ ಹಿರಿಯ ಸಹೋದ್ಯೋಗಿ. ಈ ಕಾರಣಕ್ಕೇ ನಾನು ಅವರ ಬದುಕನ್ನು ಓದಲು ಶುರು ಮಾಡಿದೆ. ಓದುತ್ತ ಹೋದಂತೆ ಅವರ ಉಪಮೆಗಳು ಒಡವೆಗಳಲ್ಲ, ಉಪಕರಣಗಳು ಎಂದು ತಿಳಿಯಿತು.

ಬಸವಣ್ಣನವರು 12ನೇ ಶತಮಾನದವರು. ತಂದೆ ಮಾದರಸ, ತಾಯಿ ಮಾದಲಾಂಬಿಕೆ. ಆಗ ಬಾಗೇವಾಡಿ ಒಂದು ಅಗ್ರಹಾರ, ಅಂದರೆ ವೇದ ಓದಿದ ಬ್ರಾಹ್ಮಣರಿಗೆ ಬಿಟ್ಟುಕೊಟ್ಟ ಊರು. ತಂದೆ ಆ ಊರಿನ ಪ್ರಮುಖರು. ಅಂಥ ಮನೆಯ ಹುಡುಗನಿಗೆ ಎಂಟನೆಯ ವಯಸ್ಸಿಗೆ ಜನಿವಾರ ಹಾಕುವುದು ರೂಢಿ. ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ತನಗೆ ಮಾತ್ರ ಏಕೆ ಎಂದು ಹುಡುಗ ಕೇಳಿದ, ಉತ್ತರ ಸಿಗದೆ ಮನೆ ಬಿಟ್ಟ ಎಂದು ಜನ ಇಂದಿಗೂ ಹೇಳುತ್ತಾರೆ. ಹಳೆಯ ಕಾವ್ಯಗಳಲ್ಲಿ ಈ ಕಥೆಯ ವಿವರಗಳು ಬೇರೆ ಬೇರೆ ರೀತಿ ಇವೆ. ಹುಟ್ಟಿನಿಂದ ಸಿಕ್ಕ ಗೌರವವನ್ನು ಅವರು ಚಿಕ್ಕವರಿದ್ದಾಗಲೇ ಬಿಟ್ಟುಕೊಟ್ಟರು ಎಂಬುದರಲ್ಲಿ ಮಾತ್ರ ಎಲ್ಲ ಕಾವ್ಯಗಳೂ ಒಂದೇ.

ಅಲ್ಲಿಂದ ಅವರು ಹೋದದ್ದು ಕೂಡಲಸಂಗಮಕ್ಕೆ. ಕೃಷ್ಣೆ ಮತ್ತು ಮಲಪ್ರಭೆ ಕೂಡುವ ಜಾಗ ಅದು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ ನಮ್ಮ ಮುದ್ದೇಬಿಹಾಳ ತಾಲೂಕಿಗೆ ನದಿ ಮಾತ್ರ ಅಡ್ಡ. ಅಲ್ಲಿನ ಗುರುಗಳ ಹತ್ತಿರ ಅವರು ಓದಿದರು. ಅಲ್ಲಿಯ ಸಂಗಮನಾಥನ ಹೆಸರೇ ಮುಂದೆ ಅವರ ಪ್ರತಿಯೊಂದು ವಚನದ ಕೊನೆಯಲ್ಲಿ ಬಂತು.

ಈ ಕೊನೆಯ ಹೆಸರನ್ನು ಅಂಕಿತ ಎನ್ನುತ್ತಾರೆ. ಉರ್ದು ಮಾತಾಡುವ ಮನೆಯಲ್ಲಿ ಬೆಳೆದ ನನಗೆ ಇದನ್ನು ನೋಡಿದ ಕೂಡಲೇ ಗಜಲಿನ ಮಕ್ತಾ ನೆನಪಾಯಿತು. ಗಜಲಿನ ಕೊನೆಯ ಶೇರ್‌ನಲ್ಲಿ ಕವಿ ತನ್ನ ತಖಲ್ಲುಸ್ ಇಡುತ್ತಾನೆ. ಮುಶಾಯಿರಾದಲ್ಲಿ ಆ ಹೆಸರು ಬಂದಾಗ ಕೇಳುವವರು ವಾಹ್ ವಾಹ್ ಎನ್ನುತ್ತಾರೆ. ಎರಡೂ ಕೊನೆಯಲ್ಲಿ ಬರುವ ಮುದ್ರೆಗಳೇ, ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಗಜಲಿನಲ್ಲಿ ಕವಿ ಬರೆಯುವುದು ತನ್ನ ಹೆಸರು. ಬಸವಣ್ಣನವರು ಬರೆದದ್ದು ತಮ್ಮ ದೇವರ ಹೆಸರು. ತಮ್ಮ ಮಾತಿಗೆ ಬಂದ ಹೊಗಳಿಕೆಯನ್ನು ಇನ್ನೊಂದು ಖಾತೆಗೆ ಜಮಾ ಮಾಡಿದ ಹಾಗೆ! ಓದುವವರ ಮೇಲೆ ಇದರ ಪರಿಣಾಮವೂ ಬೇರೆಯೇ. ವಚನ ನಮಗೆ ಉಪದೇಶ ಮಾಡುತ್ತಿದೆ ಎನಿಸುವುದಿಲ್ಲ. ಒಬ್ಬರು ತಮ್ಮ ದೇವರ ಜೊತೆ ಮಾತಾಡುತ್ತಿದ್ದಾರೆ, ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೇವೆ ಎನಿಸುತ್ತದೆ. ಉಪದೇಶ ಕೇಳುವಾಗ ನಾವು ಮನಸ್ಸಿನ ಬಾಗಿಲು ಹಾಕಿಕೊಳ್ಳುತ್ತೇವೆ. ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದರೆ ಕಿವಿ ತಾನೇ ಆ ಕಡೆ ತಿರುಗುತ್ತದೆ.

ಕೂಡಲಸಂಗಮದಿಂದ ಅವರು ಮಂಗಳವಾಡಕ್ಕೆ ಹೋದರು. ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯೇ ಅದು. ನಮ್ಮ ಇಂಡಿ ತಾಲೂಕಿನಿಂದ ವಾಯವ್ಯಕ್ಕೆ ಮುಂದೆ ಹೋದರೆ ಸಿಗುತ್ತದೆ. ಆಗ ಅಲ್ಲಿ ಆಳುತ್ತಿದ್ದವನು ಕಳಚುರಿ ವಂಶದ ಬಿಜ್ಜಳ, ಕಲ್ಯಾಣದ ಚಾಲುಕ್ಯರ ಮಾಂಡಲಿಕ. ಬಸವಣ್ಣನವರು ಅಲ್ಲಿ ಕರಣಿಕರಾಗಿ, ಅಂದರೆ ಲೆಕ್ಕ ಬರೆಯುವವರಾಗಿ ಸೇರಿದರು. ಮುಂದೆ ಬಿಜ್ಜಳ ಕಲ್ಯಾಣದ ಸಿಂಹಾಸನವನ್ನೇ ವಶಪಡಿಸಿಕೊಂಡ. ಬಸವಣ್ಣನವರೂ ಅಲ್ಲಿಗೆ ಹೋಗಿ ಭಂಡಾರಿಯಾದರು. ಗಂಗಾಂಬಿಕೆ ಮತ್ತು ನೀಲಾಂಬಿಕೆ ಅವರ ಪತ್ನಿಯರು. ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ.

ಭಂಡಾರಿಯ ಮೇಲೆ ದೂರು ಬರುವುದು ಹೊಸದಲ್ಲ. ಬಸವಣ್ಣನವರ ಮನೆಯಲ್ಲಿ ದಿನವೂ ನೂರಾರು ಜನರಿಗೆ ದಾಸೋಹ ನಡೆಯುತ್ತಿತ್ತು. ಆ ಹಣ ರಾಜನ ಖಜಾನೆಯದು ಎಂದು ಆಗದವರು ಬಿಜ್ಜಳನ ಕಿವಿಗೆ ಹಾಕಿದರು. ರಾಜ ಲೆಕ್ಕ ನೋಡಲು ಬಂದ. ಎಣಿಸಿದಾಗ ಒಂದು ನಾಣ್ಯವೂ ಕಡಿಮೆ ಇರಲಿಲ್ಲ ಎಂದು ಕಥೆ ಹೇಳುತ್ತದೆ. ಕಾವ್ಯಗಳು ಇದನ್ನು ಪವಾಡದಂತೆ ವರ್ಣಿಸುತ್ತವೆ. ನಮ್ಮ ತರಗತಿಯ ಭಾಷೆಯಲ್ಲಿ ಹೇಳಬೇಕೆಂದರೆ ಲೆಕ್ಕ ಪರಿಶೋಧನೆ ಆಯಿತು, ಶಿಲ್ಕು ಸರಿಯಾಗಿ ತಾಳೆಯಾಯಿತು.

ಈ ಪ್ರಾಮಾಣಿಕತೆಯ ಬಗ್ಗೆ ಅವರ ಒಂದು ವಚನವಿದೆ. ನಾನು ಶುದ್ಧ, ನಾನು ಕಳ್ಳನಲ್ಲ ಎಂದು ಅವರು ಅದರಲ್ಲಿ ಬರಿದೇ ಹೇಳಿಕೊಳ್ಳುವುದಿಲ್ಲ. ಬಂಗಾರದಲ್ಲಿ ಅತಿ ಸಣ್ಣ ಪ್ರಮಾಣವನ್ನೂ, ಬಟ್ಟೆಯಲ್ಲಿ ಒಂದು ನೂಲನ್ನೂ ನಾಳೆಗೆಂದು ಎತ್ತಿಡುವುದಿಲ್ಲ ಎಂದು ಆಣೆ ಮಾಡುತ್ತಾರೆ. ಸಾಹಿತ್ಯದ ಒಂದು ಮುಖ್ಯ ತಂತ್ರ ಇದೇ: ದೊಡ್ಡ ಗುಣವನ್ನು ಸಣ್ಣ ವಸ್ತುವಿನಲ್ಲಿ ತೋರಿಸುವುದು. ಪ್ರಾಮಾಣಿಕತೆ ಎಂಬ ಪದ ಕಣ್ಣಿಗೆ ಕಾಣುವುದಿಲ್ಲ, ಒಂದು ನೂಲು ಕಾಣುತ್ತದೆ. ನೂಲನ್ನು ಕಂಡವರು ಕೂಡಲೇ ತಮ್ಮ ಕೈ ನೋಡಿಕೊಳ್ಳುತ್ತಾರೆ.

ಬಸವಣ್ಣನವರಿಗಿಂತ ಮೊದಲೂ ಕನ್ನಡದಲ್ಲಿ ದೊಡ್ಡ ಕವಿಗಳಿದ್ದರು. 10ನೇ ಶತಮಾನದಲ್ಲಿ ಪಂಪ, ರನ್ನ ಇದ್ದರು. ಅವರ ಕಾವ್ಯ ಚಂಪೂ ರೂಪದ್ದು. ಅದನ್ನು ಪೂರ್ತಿ ಸವಿಯಲು ಸಂಸ್ಕೃತ ಗೊತ್ತಿರಬೇಕು, ಛಂದಸ್ಸು ಗೊತ್ತಿರಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಸುತ್ತ ಕೂಡಿದ ಜನ ಹಾಗಿರಲಿಲ್ಲ. ಅಂಬಿಗರ ಚೌಡಯ್ಯ ದೋಣಿ ನಡೆಸುವವರು, ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವರು, ನುಲಿಯ ಚಂದಯ್ಯ ಹಗ್ಗ ಹೊಸೆಯುವವರು, ಮೇದಾರ ಕೇತಯ್ಯ ಬುಟ್ಟಿ ಹೆಣೆಯುವವರು. ಆಯ್ದಕ್ಕಿ ಮಾರಯ್ಯ ಬಿದ್ದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಇಟ್ಟುಬರಲು ಹೇಳಿದರಂತೆ. ಇವರೆಲ್ಲ ಕೂಡಿ ಮಾತಾಡಿದ ಜಾಗವನ್ನೇ ಅನುಭವ ಮಂಟಪ ಎನ್ನುತ್ತಾರೆ. ಅಲ್ಲಮಪ್ರಭುಗಳು ಅದರ ಅಧ್ಯಕ್ಷರು. ಅಕ್ಕಮಹಾದೇವಿಯವರೂ ಅಲ್ಲಿಗೆ ಬಂದರು.

ಇಂಥ ಸಭೆಯಲ್ಲಿ ಒಬ್ಬ ಭಂಡಾರಿ ಹೇಗೆ ಮಾತಾಡಬೇಕು? ಉಪಮೆಯಲ್ಲಿ ನಾಲ್ಕು ಅಂಗ ಎಂದು ನಾವು ಓದಿದ್ದೇವೆ: ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಉಪಮೇಯ ಎಂದರೆ ಹೇಳಬೇಕಾದ ವಿಷಯ, ಉಪಮಾನ ಎಂದರೆ ಯಾವುದಕ್ಕೆ ಹೋಲಿಸುತ್ತೇವೋ ಅದು. ಬಸವಣ್ಣನವರ ಉಪಮೇಯ ಬಹಳ ಸಲ ಕಣ್ಣಿಗೆ ಕಾಣದ್ದು: ಭಕ್ತಿ, ಮನಸ್ಸು, ಸತ್ಯ, ಸಾವು. ಉಪಮಾನವನ್ನು ಮಾತ್ರ ಅವರು ಯಾವಾಗಲೂ ಕೇಳುವವರ ಮನೆಯಿಂದಲೇ ತೆಗೆದುಕೊಂಡರು. ಒಲೆ, ಏರಿ, ಬೇಲಿ, ಕಾಗೆ, ಕೋಳಿ, ಹಾವು, ಹಾಲು, ಕುರಿ, ನಾಣ್ಯ. ಕಾಗೆಯನ್ನು ನೋಡದವರು ಯಾರಿದ್ದಾರೆ? ಒಂದು ಅಗುಳು ಕಂಡರೂ ಕಾಗೆ ತನ್ನ ಬಳಗವನ್ನೆಲ್ಲ ಕೂಗಿ ಕರೆಯುತ್ತದೆ. ಭಕ್ತನಿಗೆ ಅಷ್ಟಾದರೂ ಗುಣ ಬೇಡವೇ ಎಂಬುದು ಅವರ ಒಂದು ವಚನದ ತಿರುಳು. ಇದನ್ನು ತಿಳಿಯಲು ಅಕ್ಷರ ಬರಬೇಕಾಗಿಲ್ಲ. ವಚನ ಕೇಳಿ ಮನೆಗೆ ಹೋದವನು ಮರುದಿನ ಅಂಗಳದಲ್ಲಿ ಕಾಗೆ ಕೂಗಿದರೆ ಆ ಮಾತನ್ನು ಮತ್ತೆ ನೆನೆಯುತ್ತಾನೆ. ಪುಸ್ತಕವಿಲ್ಲದ ಕಾಲದಲ್ಲಿ ಊರಿನ ಕಾಗೆಗಳೇ ಪುಸ್ತಕವಾದವು!

ಇನ್ನೊಂದು ತಂತ್ರ ಎದುರುಬದುರು ಇಡುವುದು. ಕಲ್ಲಿನಲ್ಲಿ ಕೆತ್ತಿದ ನಾಗರಕ್ಕೆ ಜನ ಹಾಲೆರೆಯುತ್ತಾರೆ, ನಿಜವಾದ ನಾಗರ ಎದುರು ಬಂದರೆ ಬಡಿಗೆ ಹುಡುಕುತ್ತಾರೆ. ಉಣ್ಣಲಾರದ ಮೂರ್ತಿಗೆ ಎಡೆ ಇಡುತ್ತಾರೆ, ಹಸಿದವನು ಬಾಗಿಲಿಗೆ ಬಂದರೆ ಅಟ್ಟುತ್ತಾರೆ. ಬಸವಣ್ಣನವರು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ನಡುವಿನ ತಪ್ಪನ್ನು ಕೇಳುವವರೇ ಕಂಡುಹಿಡಿಯಬೇಕು. ಕೇಳುವವರಿಗೆ ಮೊದಲು ನಗು ಬರುತ್ತದೆ. ಆಮೇಲೆ ಆ ನಗು ತಮ್ಮ ಕಡೆಗೇ ತಿರುಗಿತು ಎಂದು ಗೊತ್ತಾಗುತ್ತದೆ. ಇದನ್ನು ವ್ಯಂಗ್ಯ ಎನ್ನುತ್ತಾರೆ. ಪೂಜೆ, ನಮಾಜು, ಉಪವಾಸ ಯಾವುದೇ ಇರಲಿ, ಹೊರಗಿನ ಆಚರಣೆ ಮಾಡಿ ಹಸಿದವರನ್ನು ಮರೆಯುವ ರೋಗ ಯಾವ ಒಂದು ಸಮುದಾಯದ ಸೊತ್ತೂ ಅಲ್ಲ. ಆದ್ದರಿಂದ ಆ ಕಲ್ಲುನಾಗರದ ಚಿತ್ರ ನನ್ನನ್ನೂ ಬಿಡಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕುರಿಯ ದೃಷ್ಟಾಂತ. ಹಬ್ಬದ ಹರಕೆಗೆಂದು ತಂದ ಕುರಿ, ಅದೇ ಹಬ್ಬಕ್ಕೆ ಕಟ್ಟಿದ ತೋರಣದ ಹಸಿ ಎಲೆಯನ್ನು ಮೇಯುತ್ತ ನಿಂತಿದೆ. ತನ್ನ ಹಣೆಬರಹ ಅದಕ್ಕೆ ಗೊತ್ತಿಲ್ಲ. ಆ ಹೊತ್ತಿನ ಹೊಟ್ಟೆ ತುಂಬಿದರೆ ಸಾಕು. ಬಕ್ರೀದ್ ಬಂದಾಗ ನಮ್ಮ ಓಣಿಯ ಮನೆಗಳ ಮುಂದೆ ಕುರಿ, ಮೇಕೆ ಕಟ್ಟಿರುತ್ತಾರೆ. ನನ್ನ ತಮ್ಮ ಬೇವಿನ ಟೊಂಗೆ ತಂದು ತಿನ್ನಿಸುತ್ತಾನೆ, ಅದಕ್ಕೆ ಹೆಸರೂ ಇಡುತ್ತಾನೆ. ಕುರ್ಬಾನಿಯ ದಿನ ಅವನು ಅಳುವುದೂ ಉಂಟು. ಪ್ರೀತಿಯ ವಸ್ತುವನ್ನು ಬಿಟ್ಟುಕೊಡುವುದೇ ಕುರ್ಬಾನಿ, ಅಳು ಬಂದರೆ ಅದು ನಿಜವಾದ ಕುರ್ಬಾನಿ ಎಂದು ದಾದಿ ಅವನಿಗೆ ಹೇಳುತ್ತಾರೆ. ನಮ್ಮ ಹಬ್ಬದ ಅರ್ಥ ಬೇರೆ, ಆ ವಚನದ ಸಂದರ್ಭ ಬೇರೆ. ಆದರೂ ಎಲೆ ಮೇಯುವ ಆ ಬಾಯಿ ಮಾತ್ರ ಒಂದೇ.

ಮೊದಲ ಸಲ ಓದಿದಾಗ ಇದು ಕುರಿಯ ಬಗ್ಗೆ ಇದೆ ಎಂದುಕೊಳ್ಳುತ್ತೇವೆ, ಪಾಪ ಎನಿಸುತ್ತದೆ. ಎರಡನೆಯ ಸಲ ಓದಿದಾಗ ಕುರಿ ನಾವೇ ಎಂದು ಹೊಳೆಯುತ್ತದೆ. ಸಾಯುವ ದಿನ ಗೊತ್ತಿಲ್ಲದೆ, ಕಣ್ಣ ಮುಂದಿನ ಹಸಿರೆಲೆಗೆ ಬಾಯಿ ಹಾಕುತ್ತಿರುವವರು ನಾವೇ. ಕೊನೆಗೆ ವಚನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೊಂದವರಾದರೂ ಉಳಿದರೇ ಎಂದು ಕೇಳುತ್ತದೆ. ಅಲ್ಲಿಗೆ ಕತ್ತಿ ಹಿಡಿದವನೂ ಕುರಿಯ ಸಾಲಿನಲ್ಲೇ ಬಂದು ನಿಲ್ಲುತ್ತಾನೆ. ದೃಷ್ಟಾಂತ ಅಲಂಕಾರದ ಲಕ್ಷಣ ಹೇಳುವಾಗ ಎರಡು ವಾಕ್ಯಗಳ ನಡುವೆ ಬಿಂಬ ಪ್ರತಿಬಿಂಬ ಭಾವ ಇರಬೇಕು ಎನ್ನುತ್ತೇವೆ. ಪ್ರತಿಬಿಂಬ ಎಂದರೆ ಕನ್ನಡಿಯೊಳಗಿನ ರೂಪ. ಆ ಪದವನ್ನು ಬಾಯಿಪಾಠ ಮಾಡಿದಾಗ ತಿಳಿಯದ ಅರ್ಥ ಕುರಿಯ ಚಿತ್ರದಲ್ಲಿ ತಿಳಿಯಿತು.

ಇನ್ನು ಪುನರುಕ್ತಿ, ಅಂದರೆ ಮತ್ತೆ ಮತ್ತೆ ಹೇಳುವುದು. ಪ್ರಬಂಧದಲ್ಲಿ ಹೇಳಿದ್ದನ್ನೇ ಹೇಳಿದರೆ ಅಂಕ ಹೋಗುತ್ತದೆ. ಬಸವಣ್ಣನವರು ಮಾತ್ರ ಅದನ್ನು ಬೇಕೆಂದೇ ಮಾಡಿದರು. ಅವರ ಒಂದು ಪ್ರಸಿದ್ಧ ವಚನದಲ್ಲಿ ಎದುರು ಬಂದವನು ಯಾರವನು ಎಂಬ ಪ್ರಶ್ನೆ ಮೂರು ಸಲ ಬರುತ್ತದೆ. ಹಾಗೆ ಕೇಳಿಸಬೇಡ ಎಂದು ದೇವರನ್ನು ಬೇಡಿಕೊಂಡು, ಇವನು ನಮ್ಮವನೇ ಎಂಬ ಉತ್ತರವನ್ನೂ ಮೂರು ಸಲ ಹೇಳುತ್ತಾರೆ. ಒಂದೇ ಸಲ ಕೇಳಿದರೆ ಅದು ಸಾಮಾನ್ಯ ಪ್ರಶ್ನೆ. ಮೂರು ಸಲ ಕೇಳಿದರೆ ಅದು ತನಿಖೆ.

ಈ ತನಿಖೆ ಹೇಗಿರುತ್ತದೆ ಎಂದು ನಮ್ಮ ಮನೆಯವರಿಗೆ ಗೊತ್ತು. ಎರಡು ವರ್ಷದ ಹಿಂದೆ ಅಕ್ಕನ ಓದಿಗಾಗಿ ಅಬ್ಬಾ ಒಂದು ಊರಿನಲ್ಲಿ ಬಾಡಿಗೆ ಕೋಣೆ ಹುಡುಕುತ್ತಿದ್ದರು. ಒಂದು ಮನೆಯ ಗೇಟಿಗೆ ಬಾಡಿಗೆಗೆ ಇದೆ ಎಂಬ ಹಲಗೆ ತೂಗುಹಾಕಿದ್ದರು. ಮನೆಯವರು ಊರು ಯಾವುದು ಎಂದು ಕೇಳಿದರು, ಕೆಲಸ ಏನು ಎಂದು ಕೇಳಿದರು, ಕೊನೆಗೆ ಹೆಸರು ಕೇಳಿದರು. ಹೆಸರು ಕೇಳಿದ ಮೇಲೆ ಕೋಣೆ ನಿನ್ನೆಯೇ ಹೋಯಿತು ಎಂದರು. ವಾರದ ನಂತರ ಅದೇ ದಾರಿಯಲ್ಲಿ ಹೋದಾಗಲೂ ಹಲಗೆ ಅಲ್ಲೇ ಇತ್ತು. ಅಬ್ಬಾ ಏನೂ ಮಾತಾಡಲಿಲ್ಲ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ನಮ್ಮ ಓಣಿಯಲ್ಲೂ ರಿಶ್ತಾ ನೋಡುವಾಗ ಹುಡುಗನ ಗುಣಕ್ಕಿಂತ ಮೊದಲು ಬಿರಾದರಿ ಯಾವುದು ಎಂದು ಕೇಳುವವರಿದ್ದಾರೆ. ಕಸಬಿನ ಮೇಲೆ ಹೆಸರಿಟ್ಟು ಕರೆಯುವವರಿದ್ದಾರೆ. ಮೂರು ಸಲ ಕೇಳುವ ಆ ಪ್ರಶ್ನೆ ಎಲ್ಲರ ನಾಲಿಗೆಯ ಮೇಲೂ ಕುಳಿತಿದೆ. ಅದಕ್ಕೇ ಬಸವಣ್ಣನವರು ಉತ್ತರವನ್ನೂ ಮೂರು ಸಲ ಇಟ್ಟರು ಎಂದು ನನಗೆ ಅನಿಸುತ್ತದೆ. ಎಷ್ಟು ಸಲ ಖರ್ಚು ಬರೆದಿದೆಯೋ ಅಷ್ಟೇ ಸಲ ಜಮಾ ಬರೆದರೆ ಮಾತ್ರ ಎರಡೂ ಬದಿ ಸಮನಾಗುತ್ತವೆ.

ಉಪಮೆಯಲ್ಲಿ ಒಂದು ವಸ್ತು ಇನ್ನೊಂದರ ಹಾಗಿದೆ ಎನ್ನುತ್ತೇವೆ. ರೂಪಕದಲ್ಲಿ ಹಾಗೆ ಎಂಬ ಪದವೇ ಬಿದ್ದುಹೋಗುತ್ತದೆ, ಅದೇ ಇದು ಎನ್ನುತ್ತೇವೆ. ಉರ್ದುವಿನಲ್ಲೂ ಇದೇ ರೀತಿ ತಶ್ಬೀಹ್ ಮತ್ತು ಇಸ್ತಿಆರಾ ಎಂದು ಎರಡು ಮೆಟ್ಟಿಲುಗಳಿವೆ. ಬಸವಣ್ಣನವರ ಪ್ರಸಿದ್ಧ ರೂಪಕ ದೇಹ ಮತ್ತು ದೇವಾಲಯದ್ದು. ಹಣವಿದ್ದವರು ಗುಡಿ ಕಟ್ಟಿಸುತ್ತಾರೆ, ಬಡವನು ಏನು ಮಾಡಬೇಕು? ಅವನ ಕಾಲುಗಳನ್ನೇ ಅವರು ಕಂಬ ಮಾಡುತ್ತಾರೆ, ಮೈಯನ್ನೇ ಗುಡಿ ಮಾಡುತ್ತಾರೆ, ತಲೆಯನ್ನೇ ಬಂಗಾರದ ಕಳಸ ಮಾಡುತ್ತಾರೆ. ಆಗ ಗುಡಿಯ ಒಳಗೆ ಬರಬಾರದು ಎನಿಸಿಕೊಂಡವನು ಈ ವಚನ ಕೇಳಿ ಎದ್ದು ನಡೆದರೆ ಒಂದು ಗುಡಿಯೇ ನಡೆದ ಹಾಗೆ. ಕಟ್ಟಿ ನಿಲ್ಲಿಸಿದ್ದು ಒಂದು ದಿನ ಬೀಳುತ್ತದೆ, ನಡೆಯುವುದಕ್ಕೆ ಅಳಿವಿಲ್ಲ ಎಂದು ಅವರು ಮುಗಿಸುತ್ತಾರೆ. ಇಲ್ಲಿ ರೂಪಕ ಮಾಡಿದ ಕೆಲಸ ನೋಡಿ: ಒಂದು ಪೈಸೆ ಖರ್ಚಿಲ್ಲದೆ ಬಡವನ ಕೈಗೆ ಒಂದು ಆಸ್ತಿ ಬಂತು.

ಇನ್ನೊಂದು ರೂಪಕ ನಮ್ಮ ವಿಷಯಕ್ಕೇ ಸೇರಿದ್ದು. ಈ ಲೋಕ ದೇವರ ಕಮ್ಮಟ ಎನ್ನುತ್ತಾರೆ ಅವರು. ಕಮ್ಮಟ ಎಂದರೆ ಟಂಕಸಾಲೆ, ನಾಣ್ಯ ಮುದ್ರಿಸುವ ಜಾಗ. ಇಲ್ಲಿ ಚಲಾವಣೆಯಾದ ನಾಣ್ಯ ಮೇಲಿನ ಲೋಕದಲ್ಲೂ ಚಲಾವಣೆಯಾಗುತ್ತದೆ, ಇಲ್ಲಿ ಸಲ್ಲದ್ದು ಅಲ್ಲಿಯೂ ಸಲ್ಲದು. ಉರ್ದುವಿನಲ್ಲಿ ಟಂಕಸಾಲೆಗೆ ಟಕ್ಸಾಲ್ ಎನ್ನುತ್ತೇವೆ. ತಪ್ಪಿಲ್ಲದ, ಎಲ್ಲರೂ ಒಪ್ಪಿದ ಉರ್ದುವಿಗೆ ಟಕ್ಸಾಲಿ ಜಬಾನ್ ಎಂಬ ಹೆಸರಿದೆ. ಅಂದರೆ ಮಾತು ಕೂಡ ನಾಣ್ಯವೇ ಎಂದು ನಮ್ಮ ಹಿರಿಯರೂ ಕಂಡಿದ್ದರು. ಬಸವಣ್ಣನವರು ನಾಣ್ಯವನ್ನು ದಿನವೂ ಎಣಿಸುತ್ತಿದ್ದವರು. ಖೋಟಾ ನಾಣ್ಯ ಹೇಗೆ ಸಿಕ್ಕಿಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು. ಪೇಟೆಯಲ್ಲಿ ಮೋಸ ಮಾಡಿ ಪ್ರಾರ್ಥನೆಯಲ್ಲಿ ಪುಣ್ಯ ಗಳಿಸುವ ಎರಡು ಲೆಕ್ಕದ ಪುಸ್ತಕಗಳು ನಡೆಯುವುದಿಲ್ಲ ಎಂಬ ಕಠಿಣ ಮಾತನ್ನು ಅವರು ಒಂದು ನಾಣ್ಯದಲ್ಲಿ ಹಿಡಿದಿಟ್ಟರು. ಅಡತಿ ಅಂಗಡಿಯವರಿಗೂ ಇದು ತಟ್ಟನೆ ತಿಳಿಯುತ್ತದೆ, ನಮಗೂ ತಿಳಿಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಮಾತಿನ ಶಕ್ತಿ. ಮಾತಿಗೆ ಬೆಲೆಯೂ ಇದೆ. ಬಸವಣ್ಣನವರ ಬದುಕಿನ ಕೊನೆಯ ಭಾಗ ಆ ಬೆಲೆಯ ಕಥೆ.

ಒಂದು ವಚನದಲ್ಲಿ ಅವರು ತಮ್ಮ ಹುಟ್ಟನ್ನೇ ಬದಲಾಯಿಸಿ ಹೇಳುತ್ತಾರೆ. ಮಾದಾರ ಚೆನ್ನಯ್ಯನವರ ಮನೆಯ ಆಳುಮಗ ಮತ್ತು ಡೋಹರ ಕಕ್ಕಯ್ಯನವರ ಮನೆಯ ಆಳುಮಗಳು ಸಗಣಿ ತರಲು ಹೋದಾಗ ಕೂಡಿದರು, ಅವರಿಗೆ ಹುಟ್ಟಿದ ಮಗ ನಾನು ಎನ್ನುತ್ತಾರೆ. ಅಗ್ರಹಾರದಲ್ಲಿ ಹುಟ್ಟಿದವರು, ರಾಜನ ಭಂಡಾರಿ, ಎಲ್ಲರ ಮುಂದೆ ಹೀಗೆ ಹೇಳಿಕೊಂಡರು. ಚೆನ್ನಯ್ಯ, ಕಕ್ಕಯ್ಯ ಅಂದು ಮುಟ್ಟಿಸಿಕೊಳ್ಳದ ಜಾತಿಗಳಿಂದ ಬಂದ ಶರಣರು. ಅವರ ಹಾಗೆ ನಾನು ಎಂದಿದ್ದರೆ ಅದು ವಿನಯದ ಉಪಮೆ ಆಗುತ್ತಿತ್ತು. ಅವರ ಆಳಿನ ಮಗನೇ ನಾನು ಎಂದಾಗ ಹಿಂದಕ್ಕೆ ಹೋಗುವ ದಾರಿಯೇ ಉಳಿಯಲಿಲ್ಲ. ಕೇಳಿದ ಬಡವರು ಎದೆಯುಬ್ಬಿಸಿರಬೇಕು, ಅಗ್ರಹಾರದವರು ಹಲ್ಲು ಕಡಿದಿರಬೇಕು. ಮಾತು ಒಂದೇ, ಕೇಳುವವರು ಇಬ್ಬರು, ಪರಿಣಾಮ ಎರಡು.

ಕಲ್ಯಾಣದಲ್ಲಿ ಹರಳಯ್ಯ ಎಂಬ ಚಮ್ಮಾರ ಶರಣರಿದ್ದರು. ಒಮ್ಮೆ ಅವರು ಬಸವಣ್ಣನವರಿಗೆ ಶರಣು ಎಂದರು, ಬಸವಣ್ಣನವರು ಶರಣು ಶರಣಾರ್ಥಿ ಎಂದು ಎರಡು ಸಲ ಹೇಳಿದರು. ಒಂದಕ್ಕೆ ಎರಡು ಬಂತಲ್ಲ, ಈ ಸಾಲ ಹೇಗೆ ತೀರಿಸಲಿ ಎಂದು ಹರಳಯ್ಯನವರು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರು ಎಂಬ ಕಥೆ ನಮ್ಮ ಭಾಗದಲ್ಲಿ ಎಲ್ಲರಿಗೂ ಗೊತ್ತು. ಈ ಹರಳಯ್ಯನವರ ಮಗನಿಗೂ, ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿದರು. ವಚನದಲ್ಲಿ ಎಲ್ಲರೂ ಒಂದೇ ಎಂದು ಹೇಳಿದಾಗ ತಲೆದೂಗಿದ್ದ ಪಟ್ಟಣ, ಅದೇ ಮಾತು ಮದುವೆಯ ಹಂದರವಾಗಿ ಎದುರು ನಿಂತಾಗ ಸಹಿಸಲಿಲ್ಲ. ಹರಳಯ್ಯ, ಮಧುವರಸರಿಗೆ ಬಿಜ್ಜಳ ಕ್ರೂರ ಶಿಕ್ಷೆ ಕೊಟ್ಟ. ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಕಥನಗಳು ಹೇಳುತ್ತವೆ. ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನ ಕೊಲೆಯಾಯಿತು. ಶರಣರು ಚದುರಿಹೋದರು. ಚೆನ್ನಬಸವಣ್ಣನವರು ಮತ್ತು ಹಲವರು ಉಳವಿಯ ಕಾಡಿನ ಕಡೆಗೆ ನಡೆದರು. ಬಸವಣ್ಣನವರು ತಾವು ಓದಿದ ಕೂಡಲಸಂಗಮಕ್ಕೆ ಮರಳಿದರು. 1160ರ ದಶಕ ಮುಗಿಯುವ ಹೊತ್ತಿಗೆ ಅವರು ಅಲ್ಲೇ ಐಕ್ಯರಾದರು. ನೀಲಾಂಬಿಕೆಯವರು ಅವರನ್ನು ಸೇರಲು ಕಲ್ಯಾಣದಿಂದ ಹೊರಟು, ನದಿಯ ಈ ದಡದಲ್ಲಿ, ನಮ್ಮ ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ ಐಕ್ಯರಾದರು ಎಂದು ನಂಬಿಕೆಯಿದೆ. ಗಂಡನ ಐಕ್ಯ ಸ್ಥಳ ಆ ಕಡೆ, ಹೆಂಡತಿಯದು ಈ ಕಡೆ, ನಡುವೆ ಕೃಷ್ಣೆ.

ನನಗೆ ಇಲ್ಲಿ ಒಂದು ಮಾತು ಸ್ಪಷ್ಟವಾಯಿತು. ಒಳ್ಳೆಯ ರೂಪಕ ಎಂದರೆ ಹುಂಡಿ ಬರೆದುಕೊಟ್ಟ ಹಾಗೆ. ಬರೆದುಕೊಡುವುದು ಸುಲಭ. ಅದನ್ನು ಹಿಡಿದು ಯಾರಾದರೂ ಬಾಗಿಲಿಗೆ ಬಂದಾಗ ಹಣ ಎಣಿಸಿ ಕೊಡಬೇಕು. ಬಸವಣ್ಣನವರು ಮತ್ತು ಅವರ ಜೊತೆಗಾರರು ಕೊಟ್ಟರು, ಪದವಿ ಕೊಟ್ಟರು, ಊರು ಕೊಟ್ಟರು, ಕೆಲವರು ಪ್ರಾಣವನ್ನೂ ಕೊಟ್ಟರು. ಆದ್ದರಿಂದಲೇ ಎಂಟುನೂರು ವರ್ಷಗಳ ಮೇಲೂ ಅವರ ಮಾತು ಚಲಾವಣೆಯಲ್ಲಿದೆ.

ಆ ಮಾತುಗಳು ನಮ್ಮವರೆಗೆ ಬಂದದ್ದೂ ಒಂದು ದೊಡ್ಡ ಕಥೆ. ಚದುರಿಹೋದ ಶರಣರ ವಚನಗಳು ತಾಳೆಗರಿಯ ಕಟ್ಟುಗಳಲ್ಲಿ ಮಠಗಳಲ್ಲೂ ಮನೆಗಳಲ್ಲೂ ಉಳಿದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಅವುಗಳನ್ನು ಊರೂರು ತಿರುಗಿ ಸಂಗ್ರಹಿಸಿದರು. 1923ರಲ್ಲಿ ಅವರ ವಚನಶಾಸ್ತ್ರಸಾರ ಅಚ್ಚಾಯಿತು, 1926ರಲ್ಲಿ ಶಿವಾನುಭವ ಪತ್ರಿಕೆ ಶುರುವಾಯಿತು. ಅವರು ತಮ್ಮ ಗಳಿಕೆಯನ್ನೆಲ್ಲ ಇದಕ್ಕೇ ಸುರಿದರು. ಬಸವಣ್ಣನವರದೇ ಒಂದು ಸಾವಿರಕ್ಕೂ ಹೆಚ್ಚು ವಚನಗಳು ಇಂದು ಓದಲು ಸಿಗುತ್ತವೆ. 2006ರಲ್ಲಿ ಭಾರತ ಸರ್ಕಾರ ಬಸವಣ್ಣನವರ ಚಿತ್ರವಿರುವ 5 ರೂಪಾಯಿ ನಾಣ್ಯ ಹೊರತಂದಿತು. ಲೋಕವನ್ನು ಟಂಕಸಾಲೆ ಎಂದವರ ಮುಖ ನಿಜವಾದ ಟಂಕಸಾಲೆಯಲ್ಲೇ ಅಚ್ಚಾಯಿತು! 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅವರನ್ನು ರಾಜ್ಯದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು.

ಗೌರವ ಕೊಡುವುದು ಒಳ್ಳೆಯದು, ಆದರೆ ಗೌರವದ ಜೊತೆ ಒಂದು ಅಪಾಯವೂ ಇದೆ. ಮೂರ್ತಿಯಾದವರ ಮಾತನ್ನು ನಾವು ಮತ್ತೆ ಒಡವೆ ಮಾಡಿಕೊಳ್ಳುತ್ತೇವೆ. ಭಾಷಣದ ಮೊದಲು ಹೇಳುತ್ತೇವೆ, ಗೋಡೆಗೆ ಬರೆಸುತ್ತೇವೆ. ಅದೇ ಗೋಡೆಯ ಪಕ್ಕದ ಗೇಟಿನಲ್ಲಿ ಹೆಸರು ಕೇಳಿ ಕೋಣೆ ಇಲ್ಲ ಎನ್ನುತ್ತೇವೆ. ಬಿರಾದರಿ ಕೇಳಿ ರಿಶ್ತಾ ಬೇಡ ಎನ್ನುತ್ತೇವೆ.

ನಮ್ಮ ಕಾಲೇಜಿನಲ್ಲಿ ಇಂಡಿಯ ನಿಂಬೆ ತೋಟದವರ ಮಕ್ಕಳಿದ್ದಾರೆ, ಸಿಂದಗಿಯ ಹತ್ತಿ ಹೊಲದವರಿದ್ದಾರೆ, ಮನೆಯಲ್ಲಿ ಉರ್ದು ಮಾತಾಡುವವರಿದ್ದಾರೆ, ಕನ್ನಡ ಮಾತಾಡುವವರಿದ್ದಾರೆ, ಲಂಬಾಣಿ ಮಾತಾಡುವವರೂ ಇದ್ದಾರೆ. ಗೆಳೆಯರೇ, ಮುಂದಿನ ಸಲ ಲೈಬ್ರರಿಗೆ ಹೋದಾಗ ವಚನಗಳ ಒಂದು ಪುಸ್ತಕ ತೆಗೆದುಕೊಳ್ಳಿ. ಇದು ಯಾವ ಅಲಂಕಾರ ಎಂದು ಆಮೇಲೆ ನೋಡೋಣ. ಮೊದಲು ಅದರ ಉಪಮಾನವನ್ನು ನಿಮ್ಮ ಓಣಿಯಲ್ಲಿ ಹುಡುಕಿ. ಕಾಗೆ ಸಿಗುತ್ತದೆ, ಬೇಲಿ ಸಿಗುತ್ತದೆ, ಎಲೆ ಮೇಯುವ ಕುರಿಯೂ ಸಿಗುತ್ತದೆ. ಹೊಸದಾಗಿ ಬಂದು ಬೆಂಚಿನ ತುದಿಯಲ್ಲಿ ಒಬ್ಬನೇ ಕುಳಿತವನೂ ಸಿಗುತ್ತಾನೆ. ಅವನು ಯಾರವನು ಎಂದು ನಾವು ಪಕ್ಕದವರ ಹತ್ತಿರ ವಿಚಾರಿಸುತ್ತೇವೋ, ಅಥವಾ ಸರಿದು ಕುಳಿತು ಜಾಗ ಮಾಡಿಕೊಡುತ್ತೇವೋ ಎಂಬುದರಲ್ಲೇ ನಾವು ಓದಿದ ಸಾಹಿತ್ಯದ ಲೆಕ್ಕ ಗೊತ್ತಾಗುತ್ತದೆ.